ಗುಮ್ಮಟದ ಕೆಳಗೆ ಲಿಂಗ: ಕೊಡಗಿನ ಅರಸರ ಕಟ್ಟಡಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಾಲೇರಿ ಅರಸರು ಕಟ್ಟಿಸಿದ ಅರಮನೆ, ಗುಡಿ ಮತ್ತು ಗದ್ದಿಗೆಗಳ ಕುರಿತು ಪ್ರಶ್ನೆ ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಅವರವರ ಊರಿನ ಹೆಸರಿನೊಂದಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಎಂಟನೆಯ ತರಗತಿಯ ಮಕ್ಕಳನ್ನು ಮಡಿಕೇರಿಯ ಓಂಕಾರೇಶ್ವರ ದೇವಾಲಯಕ್ಕೂ ರಾಜರ ಗದ್ದಿಗೆಗೂ ಕರೆದುಕೊಂಡು ಹೋಗಿದ್ದೆ. “ಟೀಚರ್, ದೇವಸ್ಥಾನ ಯಾಕೆ ದರ್ಗಾದ ಹಾಗಿದೆ?” ಎಂದು ಹುಡುಗಿಯೊಬ್ಬಳು ಕೇಳಿದಳು. ಎರಡು ಧರ್ಮಗಳ ಸಮನ್ವಯದ ಸಂಕೇತ ಎಂದು ಹೇಳಿ ಮುಂದೆ ಹೋದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಏನು ಹೇಳಬೇಕಿತ್ತು?
— ಶಿಕ್ಷಕಿ, ಸೋಮವಾರಪೇಟೆ

ಉತ್ತರ: ತಮ್ಮ ವಿದ್ಯಾರ್ಥಿನಿಯ ಕಣ್ಣು ಚುರುಕಾಗಿದೆ. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೆ ನಡುವೆ ಒಂದು ದೊಡ್ಡ ಗುಮ್ಮಟವಿದೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಸಣ್ಣ ಗೋಪುರಗಳಿವೆ, ಗುಮ್ಮಟದ ತುದಿಯಲ್ಲಿ ಚಿನ್ನದ ಮುಲಾಮಿನ ಗೋಳವಿದೆ, ಅದರ ಬಳಿ ಗಾಳಿಯ ದಿಕ್ಕು ತೋರಿಸುವ ಸೂಚಕವೂ ಇದೆ. ದಕ್ಷಿಣದ ದೇವಾಲಯಗಳಲ್ಲಿ ನಾವು ನಿರೀಕ್ಷಿಸುವ ಕಂಬಗಳ ಮಂಟಪ ಇಲ್ಲಿಲ್ಲ. ಆದರೆ ಮಗು ಇನ್ನೂ ಸ್ವಲ್ಪ ಹೊತ್ತು ಮೇಲೆ ನೋಡಿದ್ದರೆ ಮಾಳಿಗೆಯ ಮೂಲೆಗಳಲ್ಲಿ ಕುಳಿತ ಬಸವಗಳನ್ನೂ ಕಾಣುತ್ತಿದ್ದಳು. ಬಸವ ಶಿವನ ವಾಹನ. ಒಳಗಿರುವ ಲಿಂಗವನ್ನು ಕಾಶಿಯಿಂದ ತರಿಸಿದ್ದೆಂದು ಹೇಳುತ್ತಾರೆ. ಅಂದರೆ ಹೊರಗಿನ ಆಕಾರ ಒಂದು ಮಾತನ್ನೂ ಒಳಗಿನ ದೇವರು ಇನ್ನೊಂದು ಮಾತನ್ನೂ ಹೇಳುತ್ತಿವೆ. ಎರಡನ್ನೂ ಒಬ್ಬನೇ ಅರಸ ಬೇಕೆಂದೇ ಆರಿಸಿಕೊಂಡಿದ್ದಾನೆ.

‘ಸಮನ್ವಯ’ ಎಂಬ ಮಾತು ಕೇಳಲು ಹಿತವಾಗಿದ್ದರೂ ಇಲ್ಲಿಗೆ ಹೊಂದುವುದಿಲ್ಲವೆಂದು ನನಗೆ ಅನಿಸುತ್ತದೆ. 1820ರ ಹೊತ್ತಿಗೆ ಗುಮ್ಮಟವು ಕನ್ನಡ ನಾಡಿನಲ್ಲಿ ಒಂದು ಧರ್ಮದ ಗುರುತಾಗಿ ಮಾತ್ರ ಉಳಿದಿರಲಿಲ್ಲ. ಹಂಪಿಯ ಅರಮನೆಯ ಆವರಣದ ಆನೆಲಾಯವನ್ನು ನೆನಪಿಸಿಕೊಳ್ಳಿ: ಸಾಲಾಗಿ ನಿಂತ ಹನ್ನೊಂದು ಕೋಣೆಗಳ ಮೇಲೆ ಗುಮ್ಮಟಗಳು. ಕಮಲ ಮಹಲಿನ ಕಮಾನುಗಳೂ ಅದೇ ಬಗೆಯವು. ವಿಜಯನಗರದ ಅರಸರು ವಿರೂಪಾಕ್ಷನ ಭಕ್ತರಾಗಿದ್ದರು, ಶಾಸನಗಳಿಗೆ ‘ಶ್ರೀ ವಿರೂಪಾಕ್ಷ’ ಎಂದೇ ಅಂಕಿತ ಹಾಕುತ್ತಿದ್ದರು. ಹಾಗಿದ್ದೂ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನು ಧರಿಸಿದ್ದರು. ಸುರತ್ರಾಣ ಎಂದರೆ ಸುಲ್ತಾನ. ಸುಲ್ತಾನರ ಆಸ್ಥಾನಗಳು ರಾಜತ್ವಕ್ಕೆ ಕೊಟ್ಟ ಉಡುಪು, ಬಿರುದು ಮತ್ತು ಕಟ್ಟಡದ ಶೈಲಿಯನ್ನು ಅವರು ದೊರೆತನದ ಸಾಮಾನ್ಯ ಭಾಷೆಯೆಂದು ತೆಗೆದುಕೊಂಡರು. ಗರ್ಭಗುಡಿಯ ವಿಷಯ ಬಂದಾಗ ಮಾತ್ರ ಹಳೆಯ ದ್ರಾವಿಡ ಕ್ರಮವನ್ನೇ ಉಳಿಸಿಕೊಂಡರು. ಲಿಂಗರಾಜೇಂದ್ರ ಮಾಡಿದ ಹೊಸ ಕೆಲಸವೆಂದರೆ, ವಿಜಯನಗರದವರು ಅರಮನೆಗೆ ಸೀಮಿತಗೊಳಿಸಿದ್ದ ಆ ಭಾಷೆಯನ್ನು ದೇವರ ಮನೆಗೂ ತಂದದ್ದು.

ಅವನಿಗೆ ಆ ಭಾಷೆ ಎಲ್ಲಿಂದ ಬಂತು ಎಂಬುದಕ್ಕೂ ಉತ್ತರವಿದೆ. ಲಿಂಗರಾಜೇಂದ್ರ ಮತ್ತು ಅವನ ಅಣ್ಣ ದೊಡ್ಡ ವೀರರಾಜೇಂದ್ರ ಎಳೆಯ ವಯಸ್ಸಿನಲ್ಲಿ ಮೈಸೂರಿನವರ ಸೆರೆಯಲ್ಲಿದ್ದವರು. ಮೊದಲು ಗೊರೂರಿನಲ್ಲಿ, ಆಮೇಲೆ ಪಿರಿಯಾಪಟ್ಟಣದ ಕೋಟೆಯಲ್ಲಿ ಅವರನ್ನು ಇಟ್ಟಿದ್ದರು. 1788ರ ಕೊನೆಯಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದರು. ಅವರು ಕಣ್ಣು ಬಿಟ್ಟು ನೋಡಿದ ಮೊದಲ ದೊಡ್ಡ ರಾಜ್ಯಶಕ್ತಿ ಶ್ರೀರಂಗಪಟ್ಟಣದ್ದು. ಟಿಪ್ಪು ತನ್ನ ತಂದೆ ಹೈದರನಿಗಾಗಿ ಅಲ್ಲಿ ಗುಂಬಜ್ ಕಟ್ಟಿಸಿದ್ದು ಅದೇ ಕಾಲದಲ್ಲಿ, 1784ರ ಸುಮಾರಿಗೆ. ತಮ್ಮನ್ನು ಸೆರೆಯಲ್ಲಿಟ್ಟವನ ವಾಸ್ತುವನ್ನೇ ತಮ್ಮ ತಲೆಯ ಮೇಲೆ ಏರಿಸಿಕೊಳ್ಳುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ‘ನಾವೂ ನಿಮಗೆ ಸಮನಾದ ದೊರೆಗಳು’ ಎಂದು ನೆರೆಹೊರೆಯ ರಾಜ್ಯಗಳಿಗೆ ಹೇಳಬೇಕಾದವನು ಆ ರಾಜ್ಯಗಳಿಗೆ ಅರ್ಥವಾಗುವ ಭಾಷೆಯಲ್ಲಿಯೇ ಹೇಳಬೇಕಾಗುತ್ತದೆ.

ಇನ್ನೊಂದು ಸಾಕ್ಷ್ಯ ಮಡಿಕೇರಿಯ ಮಳೆಯದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಇಲ್ಲಿನವರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಕಡಿದಾದ ಇಳಿಜಾರು ಸೂರು; ಭಾಗಮಂಡಲದ ಭಗಂಡೇಶ್ವರ ದೇವಾಲಯದ ತಾಮ್ರದ ಹೊದಿಕೆಯ ಸೂರನ್ನು ನೋಡಿದರೆ ಈ ಸೀಮೆಯ ಗುಡಿ ಹೇಗಿರಬೇಕೆಂದು ತಿಳಿಯುತ್ತದೆ. ಗಾರೆಯ ಗುಮ್ಮಟ ಈ ಹವೆಗೆ ಹೇಳಿ ಮಾಡಿಸಿದ್ದಲ್ಲ. ಆಷಾಢ ಕಳೆದ ಮೇಲೆ ಗದ್ದಿಗೆಗೆ ಹೋದವರಿಗೆ ಗೊತ್ತು: ಮೇಲ್ಭಾಗದ ಗಾರೆಯಲ್ಲಿ ಹಸಿರು ಪಾಚಿ ಹಬ್ಬಿರುತ್ತದೆ, ನೀರು ಇಳಿದ ಕಡೆಯಲ್ಲಿ ಕಪ್ಪು ಗೆರೆಗಳು ನೆಲದವರೆಗೆ ಬಂದಿರುತ್ತವೆ, ವರ್ಷ ವರ್ಷ ಸುಣ್ಣ ಬಳಿಯದಿದ್ದರೆ ಗುಮ್ಮಟ ಬಂಡೆಯ ಬಣ್ಣಕ್ಕೆ ತಿರುಗುತ್ತದೆ. ಅನುಕೂಲವನ್ನು ಬಿಟ್ಟು ಅರಸನೊಬ್ಬ ಇಂಥ ಆಕಾರವನ್ನು ಹಟ ಹಿಡಿದು ಕಟ್ಟಿಸಿದ್ದಾನೆ ಎಂದರೆ, ಆ ಆಕಾರ ಹೇಳುವ ಮಾತು ಅವನಿಗೆ ಅಷ್ಟು ಮುಖ್ಯವಾಗಿತ್ತು ಎಂದೇ ಅರ್ಥ. ತಮ್ಮ ವಿದ್ಯಾರ್ಥಿನಿಗೆ ಇಷ್ಟು ಹೇಳಿ: ಅದು ದೇವಸ್ಥಾನವೇ, ಆದರೆ ಕಟ್ಟಿಸಿದವನು ಭಕ್ತ ಮಾತ್ರ ಆಗಿರಲಿಲ್ಲ, ದೊರೆಯೂ ಆಗಿದ್ದ. ಗುಮ್ಮಟ ದೊರೆಯ ಮಾತು, ಬಸವ ಭಕ್ತನ ಮಾತು.

ಪ್ರಶ್ನೆ: ಗದ್ದಿಗೆ ಎಂದರೆ ಸಮಾಧಿಯೋ ಸಿಂಹಾಸನವೋ? ನಿಘಂಟಿನಲ್ಲಿ ಎರಡೂ ಅರ್ಥಗಳಿವೆ.
— ಮಡಿಕೇರಿ

ಉತ್ತರ: ಎರಡೂ ಹೌದು, ಮತ್ತು ಹಾಲೇರಿ ಅರಸರ ಧರ್ಮವನ್ನು ತಿಳಿಯಲು ಈ ಪದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಅರಸ ಪಟ್ಟಕ್ಕೆ ಬಂದಾಗ ಗದ್ದಿಗೆ ಏರಿದ ಎನ್ನುತ್ತೇವೆ. ಗುರುವು ಕೂರುವ ಪೀಠವೂ ಗದ್ದಿಗೆ. ಗುರು ಲಿಂಗೈಕ್ಯನಾದ ಮೇಲೆ ಅವನನ್ನು ಕೂರಿಸಿದ ಜಾಗವೂ ಗದ್ದಿಗೆ. ಹಾಲೇರಿ ವಂಶದವರು ಇಕ್ಕೇರಿಯ ಕಡೆಯಿಂದ ಬಂದ ವೀರಶೈವರು. ಮೂಲಪುರುಷನು ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿದನೆಂಬುದು ವಂಶದ ಪರಂಪರೆಯ ಕಥೆ. ವೀರಶೈವರಲ್ಲಿ ದೇಹವನ್ನು ಸುಡುವುದಿಲ್ಲ, ಕುಳಿತ ಭಂಗಿಯಲ್ಲಿಯೇ ಮಣ್ಣಿಗೆ ಒಪ್ಪಿಸುತ್ತಾರೆ, ಕೈಯಲ್ಲಿ ಇಷ್ಟಲಿಂಗ ಇರುತ್ತದೆ. ಹೀಗಾಗಿ ಗದ್ದಿಗೆಯಲ್ಲಿ ಅರಸ ಮಲಗಿಲ್ಲ, ಕುಳಿತಿದ್ದಾನೆ. ಅವನ ಮೇಲೆ ಲಿಂಗ, ಲಿಂಗದ ಮೇಲೆ ಗುಮ್ಮಟ.

ಮಡಿಕೇರಿಯ ಮಹದೇವಪುರದ ಗದ್ದಿಗೆಯಲ್ಲಿ ಕಟ್ಟಡಗಳು ನಿಂತಿರುವ ರೀತಿಯನ್ನೂ ಗಮನಿಸಬೇಕು. ನಡುವಿನದು ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು. ಅದರ ಬಲಕ್ಕೆ ಲಿಂಗರಾಜೇಂದ್ರನದು. ಅದನ್ನು 1820ರಲ್ಲಿ ಮಗ ಚಿಕ್ಕ ವೀರರಾಜೇಂದ್ರ ಕಟ್ಟಿಸಿದ. ಎಡಕ್ಕಿರುವುದು ರಾಜಗುರು ರುದ್ರಪ್ಪನವರದು, 1834ರದು. ಅರಸರ ಸಾಲಿನಲ್ಲಿಯೇ ಗುರುವಿಗೂ ಜಾಗ ಕೊಟ್ಟಿರುವುದು ರಾಜ್ಯವು ಗುರುವಿನ ಆಶೀರ್ವಾದದಿಂದ ನಡೆಯುತ್ತದೆ ಎಂಬ ನಂಬಿಕೆಯನ್ನು ಕಲ್ಲುಗಾರೆಯಲ್ಲಿ ಹೇಳಿದಂತಿದೆ. ಸ್ವಲ್ಪ ದೂರದಲ್ಲಿ ಬಿದ್ದಂಡ ಬೋಪು ಮತ್ತು ಅವನ ಮಗ ಬಿದ್ದಂಡ ಸೋಮಯ್ಯ ಎಂಬ ಇಬ್ಬರು ಕೊಡವ ಸೇನಾನಾಯಕರ ಸಮಾಧಿಗಳಿವೆ. ಬೋಪು ಟಿಪ್ಪುವಿನ ಸೇನೆಯೊಡನೆ ಹೋರಾಡಿ ಮಡಿದವನು. ವೀರಶೈವ ಅರಸರು, ಅವರ ಗುರು, ಅವರಿಗಾಗಿ ಕತ್ತಿ ಹಿಡಿದ ಕೊಡವರು: ಆ ರಾಜ್ಯ ಯಾರ ಮೇಲೆ ನಿಂತಿತ್ತು ಎಂಬುದು ಆ ಒಂದೇ ದಿಣ್ಣೆಯ ಮೇಲೆ ಕಾಣುತ್ತದೆ.

1834 ಎಂಬ ಇಸವಿಯನ್ನು ನೋಡಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ರಾಜಗುರುವಿನ ಗದ್ದಿಗೆ ಎದ್ದ ಅದೇ ವರ್ಷ ಬ್ರಿಟಿಷರ ಕರ್ನಲ್ ಫ್ರೇಸರನ ಸೇನೆ ಮಡಿಕೇರಿಯನ್ನು ಹೊಕ್ಕಿತು. ಆ ಗದ್ದಿಗೆ ಕಟ್ಟಿದ ಮನೆತನದ ಕೊನೆಯ ಅರಸ ಇಲ್ಲಿ ಕುಳಿತಿಲ್ಲ. ಚಿಕ್ಕ ವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಪ್ರಶ್ನೆ: ನಮ್ಮೂರಿನ ನಾಲ್ಕುನಾಡು ಅರಮನೆಯನ್ನು ನೋಡಲು ದೂರದಿಂದ ಬಂದವರು ‘ಇದೇನಾ ಅರಮನೆ?’ ಎಂದು ಕೇಳುತ್ತಾರೆ. ನಮ್ಮ ಹಿರಿಯರ ಐನ್‌ಮನೆಗಿಂತ, ಅಂದರೆ ಮನೆತನದ ಮೂಲಮನೆಗಿಂತ, ಅದು ಬಹಳ ದೊಡ್ಡದೇನೂ ಅಲ್ಲ. ರಾಜನ ಬಳಿ ಹಣವಿರಲಿಲ್ಲವೆ?
— ಕಕ್ಕಬ್ಬೆ

ಉತ್ತರ: ಬಂದವರಿಗೆ ಬೇಸರವಾಗುವುದು ಮೈಸೂರಿನ ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವುದರಿಂದ. ದೊಡ್ಡ ವೀರರಾಜೇಂದ್ರ ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದ್ದು 1792ರಿಂದ 1794ರ ನಡುವೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಆಗ ಅವನು ಟಿಪ್ಪುವಿನ ಸೇನೆಯಿಂದ ನಾಡನ್ನು ಬಿಡಿಸಿಕೊಂಡಿದ್ದನಷ್ಟೇ; ಮತ್ತೆ ದಾಳಿಯಾದರೆ ತಲೆಮರೆಸಿಕೊಳ್ಳಲು, ಕಾಡಿನ ನಡುವಿನಿಂದ ಹೋರಾಡಲು ಒಂದು ನೆಲೆ ಬೇಕಿತ್ತು. ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ನಿಲ್ಲುವುದು ಈ ಕಟ್ಟಡದ ಕೆಲಸವಾಗಿರಲಿಲ್ಲ.

ಆದರೆ ತಮ್ಮ ಪತ್ರದ ಇನ್ನೊಂದು ಮಾತು, ಐನ್‌ಮನೆಯ ಹೋಲಿಕೆ, ನನಗೆ ಹೆಚ್ಚು ಮುಖ್ಯವೆನಿಸಿತು. ಐನ್‌ಮನೆಗೆ ಹೋದವನು ಮೆಟ್ಟಿಲೇರಿ ಮೊದಲು ಕಾಲಿಡುವುದು ಕೈಯಾಲೆಗೆ, ಅಂದರೆ ಜಗಲಿಗೆ. ಅಲ್ಲಿ ಕಂಬಗಳ ನಡುವೆ ಹಾಸಿದ ಅಗಲವಾದ ಮರದ ಹಲಗೆಯಾದ ಐಮರದ ಮೇಲೆ ಮನೆತನದ ಹಿರಿಯರು ಕೂರುವ ವಾಡಿಕೆ. ಒಳಗೆ ನೆಲ್ಲಕ್ಕಿ ಬಾಡೆ ಎಂಬ ನಡುಮನೆ, ಅಲ್ಲಿ ಕಾರೋಣರಿಗಾಗಿ, ಅಂದರೆ ಮನೆತನದ ಪೂರ್ವಜರಿಗಾಗಿ, ಉರಿಯುವ ದೀಪ. ನಾಲ್ಕುನಾಡು ಅರಮನೆಯ ಜಗಲಿ, ಕೆತ್ತನೆಯ ಮರದ ಕಂಬಗಳು, ಇಳಿಜಾರು ಸೂರು, ಕತ್ತಲು ತುಂಬಿದ ಒಳಕೋಣೆಗಳು ಇವನ್ನೆಲ್ಲ ನೋಡಿದ ಕೊಡವನಿಗೆ ಇದು ಹೊರಗಿನವರ ಕಟ್ಟಡ ಎನಿಸುವುದಿಲ್ಲ. ಧರ್ಮದಿಂದಲೂ ಮೂಲದಿಂದಲೂ ಬೇರೆಯಾಗಿದ್ದ ಅರಸನೊಬ್ಬ, ಪ್ರಾಣಾಪಾಯದ ಕಾಲದಲ್ಲಿ ತನ್ನನ್ನು ಕಾಯುವ ಜನರ ಮನೆಯ ಹಾಗೆಯೇ ತನ್ನ ಮನೆಯನ್ನು ಕಟ್ಟಿಸಿಕೊಂಡ. ಅದಕ್ಕೆ ರಾಜಕೀಯ ಅರ್ಥವಿದೆಯೆಂದು ನಾನು ನಂಬುತ್ತೇನೆ. ಕೆಲಸಗಾರರು ಇಲ್ಲಿಯವರು, ಮರ ಇಲ್ಲಿಯದು ಎಂಬ ಸರಳ ಕಾರಣವೂ ಅದರ ಜೊತೆಗೆ ಇದ್ದಿರಬೇಕು.

ಅರಮನೆಯ ಎದುರಿನ ಪುಟ್ಟ ಮಂಟಪವನ್ನು ಮಾತ್ರ ಬಂದವರಿಗೆ ತಪ್ಪದೆ ತೋರಿಸಿ. ದೊಡ್ಡ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯ ಮದುವೆ 1796ರಲ್ಲಿ ನಡೆದದ್ದು ಇದೇ ಅರಮನೆಯಲ್ಲಿ. ಅಡಗುತಾಣವೆಂದು ಶುರುವಾದ ಕಟ್ಟಡ ನಾಲ್ಕು ವರ್ಷಗಳಲ್ಲಿ ಮದುವೆಯ ಮನೆಯಾಯಿತು. 1834ರಲ್ಲಿ ಚಿಕ್ಕ ವೀರರಾಜೇಂದ್ರ ಬ್ರಿಟಿಷರಿಗೆ ಶರಣಾಗುವ ಮೊದಲು ಹೋಗಿ ಸೇರಿದ್ದೂ ಅಲ್ಲಿಗೇ.

ಪ್ರಶ್ನೆ: ವೀರಶೈವ ಅರಸರು ಶಿವನ ಗುಡಿಗಳನ್ನಷ್ಟೇ ಕಟ್ಟಿಸಿದರೆ? ಕೊಡವರ ದೇವರಿಗೆ ಏನು ಮಾಡಿದರು?
— ವಿರಾಜಪೇಟೆ

ಉತ್ತರ: ಪಾಡಿ ಇಗ್ಗುತ್ತಪ್ಪ ದೇವಾಲಯವನ್ನು 1810ರಲ್ಲಿ ಕಟ್ಟಿಸಿದವನು ಲಿಂಗರಾಜೇಂದ್ರ. ಇಗ್ಗುತ್ತಪ್ಪ ಮಳೆಬೆಳೆಯ ದೇವರು. ಸುಗ್ಗಿಯ ಹಬ್ಬವಾದ ಪುತ್ತರಿಯ ದಿನ ಮತ್ತು ಕದಿರು ತೆಗೆಯುವ ಮುಹೂರ್ತ ಇಂದಿಗೂ ಪಾಡಿಯಲ್ಲಿಯೇ ಗೊತ್ತಾಗುತ್ತದೆ. ಇಡೀ ನಾಡು ಯಾವಾಗ ಹೊಸ ಅಕ್ಕಿ ಉಣ್ಣಬೇಕು ಎಂದು ಹೇಳುವ ಗುಡಿಗೆ ಕಲ್ಲು ಮರ ಒದಗಿಸಿದವನಿಗೆ ಆ ನಾಡಿನಲ್ಲಿ ಯಾವ ಸ್ಥಾನ ಸಿಕ್ಕೀತು ಎಂದು ಯೋಚಿಸಿ. 1809ರಲ್ಲಿ ದೊಡ್ಡ ವೀರರಾಜೇಂದ್ರ ತೀರಿಕೊಂಡ ಮೇಲೆ ಪಟ್ಟ ಸಿಕ್ಕಿದ್ದು ಇನ್ನೂ ಎಳೆಯವಳಾಗಿದ್ದ ಅವನ ಮಗಳು ದೇವಮ್ಮಾಜಿಗೆ. ಲಿಂಗರಾಜೇಂದ್ರ ತಾನೇ ಅರಸನಾದದ್ದು 1811ರಲ್ಲಿ. ಅಣ್ಣನ ಮಗಳ ಕೈಯಿಂದ ಅಧಿಕಾರ ತನ್ನ ಕೈಗೆ ಬರುತ್ತಿದ್ದ ಆ ಎರಡು ವರ್ಷಗಳ ನಡುವೆಯೇ ಇಗ್ಗುತ್ತಪ್ಪನ ಗುಡಿ ಎದ್ದದ್ದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಅವನಿಗೆ ಭಕ್ತಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಭಕ್ತಿಯೂ ರಾಜಕಾರಣವೂ ಒಂದೇ ಗುಡಿಯಲ್ಲಿ ಇರಬಲ್ಲವು, ಆ ಕಾಲದವರು ಅವನ್ನು ಬೇರೆ ಬೇರೆಯಾಗಿ ಎಣಿಸುತ್ತಲೂ ಇರಲಿಲ್ಲ.

ಭಾಗಮಂಡಲವನ್ನು ಟಿಪ್ಪುವಿನ ಸೇನೆಯಿಂದ 1790ರಲ್ಲಿ ಮರಳಿ ಗೆದ್ದವನು ದೊಡ್ಡ ವೀರರಾಜೇಂದ್ರ. ಮುತ್ತಿಗೆಯಲ್ಲಿ ತನ್ನ ಫಿರಂಗಿ ಗುಂಡು ತಗುಲಿ ದೇವಾಲಯದ ಸೂರಿನ ತಾಮ್ರದ ಹಂಚುಗಳು ಹಾಳಾದವೆಂದೂ, ಅವುಗಳ ಬದಲಿಗೆ ಬೆಳ್ಳಿಯ ಹಂಚು ಹೊದಿಸಿದನೆಂದೂ ಹೇಳುತ್ತಾರೆ. ತಮ್ಮ ವಿರಾಜಪೇಟೆಯೇ ಅವನ ಹೆಸರಿನ ಊರು: ಬ್ರಿಟಿಷ್ ಸೇನಾಧಿಕಾರಿ ಅಬರ್‌ಕ್ರೋಂಬಿಯೊಡನೆ ನಡೆದ ಭೇಟಿಯ ನೆನಪಿಗೆ 1792ರಲ್ಲಿ ಸ್ಥಾಪಿಸಿದ್ದು. ಅದೇ ವರ್ಷ ಆಶ್ರಯ ಬೇಡಿ ಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟು ಚರ್ಚಿಗೆ ಜಾಗ ಬಿಟ್ಟುಕೊಟ್ಟ. ಸಂತ ಅನ್ನಮ್ಮ ಚರ್ಚಿನ ಚರಿತ್ರೆ ಶುರುವಾಗುವುದು ಅಲ್ಲಿಂದ.

ಪ್ರಶ್ನೆ: ಕಟ್ಟಡ ನೋಡಿ ರಾಜನ ಮನಸ್ಸನ್ನು ಓದುವುದು ಬರೀ ಊಹೆಯಲ್ಲವೆ? ಪ್ರಬಂಧ ಬರೆಯುವಾಗ ಎಲ್ಲಿ ನಿಲ್ಲಬೇಕು?
— ಪದವಿ ವಿದ್ಯಾರ್ಥಿ, ಕುಶಾಲನಗರ

ಉತ್ತರ: ಅರಸ ತಾನೇ ಬರೆಸಿದ ಮಾತು ಸಿಕ್ಕಿದರೆ ಅದರಿಂದ ಶುರು ಮಾಡಿ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಬಳಿ 1510ರ ಶಾಸನವಿದೆ. ತನ್ನ ಪಟ್ಟಾಭಿಷೇಕದ ಸಂದರ್ಭಕ್ಕಾಗಿ ಕೃಷ್ಣದೇವರಾಯ ಆ ಮಂಟಪವನ್ನು ಕಟ್ಟಿಸಿದನೆಂದು ಅದರಿಂದ ತಿಳಿಯುತ್ತದೆ. ಅಲ್ಲಿ ಊಹೆಗೆ ಕೆಲಸವಿಲ್ಲ. ಓಂಕಾರೇಶ್ವರದ ಬಾಗಿಲ ಬಳಿಯೂ ದೇವಾಲಯ ಕಟ್ಟಿಸಿದ ವಿವರವಿರುವ ತಾಮ್ರದ ಫಲಕವಿದೆ. ಬರಹ ಇಲ್ಲದ ಕಡೆ ಕಟ್ಟಡದ ಜಾಗವನ್ನು ಕೇಳಿ. ಹಂಪಿಯ ಹಜಾರರಾಮ ದೇವಾಲಯ ಊರಿನ ಪೇಟೆಯಲ್ಲಿಲ್ಲ, ಅರಮನೆಯ ಆವರಣದ ನಡುವೆ ಇದೆ. ಗೋಡೆಯ ಮೇಲೆ ರಾಮಾಯಣದ ಕಥೆ, ಹೊರಪ್ರಾಕಾರದ ಮೇಲೆ ಆನೆ, ಕುದುರೆ, ಸೈನಿಕರ ಸಾಲು. ರಾಮನ ಕಥೆಗೂ ರಾಯನ ಮೆರವಣಿಗೆಗೂ ನಡುವೆ ಇರುವುದು ಕೆಲವೇ ಹೆಜ್ಜೆಗಳ ಅಂಗಳ. ಅದನ್ನು ಕಟ್ಟಿಸಿದವರು ರಾಯನನ್ನು ರಾಮನ ಪಕ್ಕದಲ್ಲಿಟ್ಟು ನೋಡಿ ಎನ್ನುತ್ತಿದ್ದರು ಎಂದು ಬರೆದರೆ ಯಾರೂ ಊಹೆ ಎಂದು ತಳ್ಳಿಹಾಕಲಾರರು.

ಇನ್ನೊಂದು ಎಚ್ಚರಿಕೆ. ಅರಸ ಹೇಳಹೊರಟದ್ದು ಒಂದು, ಜನ ಕೇಳಿಸಿಕೊಂಡದ್ದು ಇನ್ನೊಂದು. ಓಂಕಾರೇಶ್ವರವನ್ನು ಲಿಂಗರಾಜೇಂದ್ರ ತನ್ನ ಭಕ್ತಿ ಮತ್ತು ವೈಭವದ ಗುರುತಾಗಿ ಕಟ್ಟಿಸಿದ. ಊರಿನವರು ಹೇಳಿಕೊಂಡು ಬಂದ ಕಥೆಯೇ ಬೇರೆ: ಅರಸ ತನ್ನ ಸ್ವಾರ್ಥಕ್ಕಾಗಿ ಒಬ್ಬ ಸಾತ್ವಿಕ ಬ್ರಾಹ್ಮಣನನ್ನು ಕೊಲ್ಲಿಸಿದ, ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡಿದ, ಪಾಪ ಕಳೆಯಲು ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಬೇಕಾಯಿತು. ಈ ಕಥೆ ನಡೆದದ್ದೇ ಎಂದು ಸಾಧಿಸಲು ಹೋಗಬೇಡಿ. ಆದರೆ ಪ್ರಬಂಧದಲ್ಲಿ ಅದನ್ನು ಬಿಡಲೂ ಬೇಡಿ. ಅರಸನ ಎದುರಿಗೆ ಹೇಳಲಾಗದ್ದನ್ನು ಜನರು ಅವನ ಗುಡಿಯ ಕಥೆಯೊಳಗೆ ಸೇರಿಸಿಟ್ಟರು. ಕೋಟೆಯೊಳಗಿನ ಎರಡು ಗಾರೆಯ ಆನೆಗಳಿಗೂ ಅಂಥದೇ ಕಥೆಯಿದೆ: ಬೆಳಗಿನ ವಂದನೆಗೆ ತಡವಾಗಿ ಬಂದ ಆನೆಗಳನ್ನು ದೊರೆ ಸಿಟ್ಟಿನಿಂದ ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪಪಟ್ಟು ಅವುಗಳ ಆಳೆತ್ತರದ ಪ್ರತಿಮೆ ಮಾಡಿಸಿದನಂತೆ. ಎರಡೂ ಕಥೆಗಳಲ್ಲಿ ಅರಸನ ಸಿಟ್ಟು ಮೊದಲು, ಕಟ್ಟಡ ಆಮೇಲೆ.

ಪ್ರಶ್ನೆ: ಮಡಿಕೇರಿ ಕೋಟೆಯೊಳಗೆ ಚರ್ಚ್ ಹೇಗೆ ಬಂತು? ಅದನ್ನು ಅರಸರೇ ಕಟ್ಟಿಸಿದರೆ?
— ನಾಪೋಕ್ಲು

ಉತ್ತರ: ಅರಸರಲ್ಲ, ಅವರನ್ನು ಇಳಿಸಿದವರು. ಒಬ್ಬರ ಮಾತನ್ನು ಅಳಿಸಿ ಇನ್ನೊಬ್ಬರು ಬರೆಯುವ ಹಲಗೆಯಂತೆ ಈ ಕೋಟೆ ಬಳಕೆಯಾಗಿದೆ. ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡು ಮಣ್ಣಿನ ಕೋಟೆ ಕಟ್ಟಿದ. ಊರಿನ ಹೆಸರು ಮುದ್ದುರಾಜಕೇರಿ ಎಂಬುದರಿಂದ ಬಂದದ್ದೆನ್ನುತ್ತಾರೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಆರು ಮೂಲೆಗಳ ದುಂಡು ಕೊತ್ತಳಗಳು, ಪೂರ್ವದ ಕಡೆಯಿಂದ ಸುತ್ತಿ ಬಳಸಿ ಒಳಹೋಗುವ ದಾರಿ ಇವು ಇಂದಿಗೂ ಉಳಿದಿವೆ. ದೊಡ್ಡ ವೀರರಾಜೇಂದ್ರ ಕೋಟೆಯನ್ನು ಮರಳಿ ಪಡೆದ ಮೇಲೆ ಕಲ್ಲು ಉಳಿಯಿತು, ಹೆಸರು ಹೋಯಿತು. 1812ರಿಂದ 1814ರೊಳಗೆ ಲಿಂಗರಾಜೇಂದ್ರ ಅದರೊಳಗೆ ಇಟ್ಟಿಗೆ ಗಾರೆಯ ಎರಡಂತಸ್ತಿನ ಅರಮನೆ ಕಟ್ಟಿಸಿದ. ನಡುವಂಗಳದಲ್ಲಿ ಕಲ್ಲಿನ ಆಮೆಯೊಂದಿದೆ.

ಕೋಟೆಯೊಳಗೆ ವೀರಭದ್ರನ ಗುಡಿಯೂ ಇತ್ತು. ವೀರಭದ್ರ ವೀರಶೈವರಿಗೆ ಎಷ್ಟು ಹತ್ತಿರದ ದೇವರೆಂದು ಹೇಳಬೇಕಾಗಿಲ್ಲ. ಬ್ರಿಟಿಷರು 1855ರಲ್ಲಿ ಆ ಗುಡಿಯನ್ನು ತೆಗೆಸಿ ಸಂತ ಮಾರ್ಕರ ಚರ್ಚನ್ನು ಕಟ್ಟಿದರು. ಅರಮನೆಯನ್ನು ಮಾತ್ರ ಕೆಡವಲಿಲ್ಲ. ಕಚೇರಿ ಮಾಡಿಕೊಂಡರು, 1933ರಲ್ಲಿ ಅದರ ಮುಂದೆ ಗಡಿಯಾರದ ಗೋಪುರವನ್ನು ಸೇರಿಸಿದರು. ಅರಸನ ಮನೆಗೆ ಸರ್ಕಾರದ ಗಡಿಯಾರ, ಅರಸನ ದೇವರ ಜಾಗಕ್ಕೆ ಆಳುವವರ ದೇವರು: ಇದಕ್ಕಿಂತ ಸ್ಪಷ್ಟವಾಗಿ ಅಧಿಕಾರ ಬದಲಾದದ್ದನ್ನು ಹೇಳುವುದು ಕಷ್ಟ. ಆ ಚರ್ಚಿನಲ್ಲಿ ಈಗ ಪ್ರಾರ್ಥನೆ ನಡೆಯುವುದಿಲ್ಲ, ಅದು ಸರ್ಕಾರಿ ವಸ್ತುಸಂಗ್ರಹಾಲಯ. ತಾವು ಹೋದಾಗ ಬಣ್ಣದ ಗಾಜಿನ ಕಿಟಕಿಯ ಬೆಳಕಿನಲ್ಲಿ ನಿಂತು ನೋಡಿ: ಗೋಡೆಯುದ್ದಕ್ಕೂ ಇಟ್ಟಿರುವುದು ನಾಡಿನ ಹಳ್ಳಿಗಳಿಂದ ತಂದ ವೀರಗಲ್ಲುಗಳು ಮತ್ತು ಹಳೆಯ ದೇವರ ಮೂರ್ತಿಗಳು.